ಕೀಮೊ ಜೊತೆಗೆ ಚೀನೀ ಕಷಾಯ: ಕೊಡಬಹುದೇ, ಬೇಡವೇ?



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಬೇಡಿಕೆಗಳೇ ಹೆಚ್ಚು. ಈಚೆಗೆ ಡೊಂಬಿವಲಿಯಿಂದ ಬಂದ ಒಂದು ಪತ್ರ ಮಾತ್ರ ಬೇರೆ ಥರದ್ದು. ಬರೆದವರ ನಾದಿನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕೀಮೊಥೆರಪಿಯ ಎರಡು ಸುತ್ತು ಮುಗಿದಿವೆ. ಸಿಂಗಪುರದಲ್ಲಿರುವ ನೆಂಟರು ಊರಿಗೆ ಬರುವಾಗ ಅಲ್ಲಿನ ಚೀನೀ ಔಷಧಿ ಅಂಗಡಿಯಿಂದ ಒಣಬೇರಿನ ಪೊಟ್ಟಣಗಳನ್ನು ತಂದುಕೊಟ್ಟಿದ್ದಾರೆ. ‘ಕುದಿಸಿ ಕುಡಿಸಿ, ಶಕ್ತಿ ಬರುತ್ತದೆ, ರಕ್ತ ಏರುತ್ತದೆ’ ಎಂದಿದ್ದಾರೆ. ಕುಡಿಸೋಣ ಎಂದು ಮನೆಯಲ್ಲಿ ಎಲ್ಲರಿಗೂ ಮನಸ್ಸು. ಆದರೆ ಡಾಕ್ಟರಿಗೆ ಹೇಳಿದರೆ ಬೈದಾರು, ಹೇಳುವುದೇ ಬೇಡ ಎಂದೂ ಎಲ್ಲರ ಅಭಿಪ್ರಾಯ. ‘ನೀವು ಓದಿ ತಿಳಿಸಿ’ ಎಂದು ಅವರು ಕೇಳಿದ್ದಾರೆ.

ನಾನು ವೈದ್ಯನಲ್ಲ, ಮೈಕಿನ ಮುಂದೆ ಕೂತು ಮಾತನಾಡುವವನು. ಆದರೂ ಇಂಥ ಪೊಟ್ಟಣ ಒಂದೇ ಮನೆಗೆ ಬಂದಿರಲಾರದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಿಗೆ ಸ್ತನ ಕ್ಯಾನ್ಸರ್, ಸುಮಾರು 1 ಲಕ್ಷ 27 ಸಾವಿರ ಮಹಿಳೆಯರಿಗೆ ಗರ್ಭಕೊರಳಿನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದೆ. ಅಷ್ಟೂ ಮನೆಗಳಿಗೆ ಒಬ್ಬರಲ್ಲ ಒಬ್ಬರು ಏನಾದರೊಂದು ಔಷಧಿ ಹೇಳಿಯೇ ಇರುತ್ತಾರೆ. ಪ್ರಸಾರದ ಹೊತ್ತಿನಲ್ಲಿ ಇದನ್ನೆಲ್ಲ ವಿವರಿಸಲು ಆಗುವುದಿಲ್ಲವಾದ್ದರಿಂದ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪತ್ರಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಕ್ಯಾನ್ಸರ್ ಡಾಕ್ಟರಿಗೆ ತಿಳಿಸದೆ ಒಂದು ಲೋಟವೂ ಬೇಡ. ಏಕೆ ಎಂಬುದು ಮುಂದಿದೆ.

ಚೀನೀ ವೈದ್ಯ ಹೇಗೆ ನೋಡುತ್ತದೆ?

ಚೀನಾದ ಪಾರಂಪರಿಕ ವೈದ್ಯ ನಮಗೆ ತೀರಾ ಅಪರಿಚಿತ ಎನಿಸುವುದಿಲ್ಲ. ನಮ್ಮಲ್ಲಿ ವಾತ, ಪಿತ್ತ, ಕಫಗಳ ಸಮತೋಲ ಎನ್ನುವಂತೆ ಅಲ್ಲಿ ಯಿನ್ ಮತ್ತು ಯಾಂಗ್‌ಗಳ ಸಮತೋಲ. ಮೈಯಲ್ಲಿ ಹರಿದಾಡುವ ಪ್ರಾಣಶಕ್ತಿಗೆ ಅವರು ‘ಚೀ’ ಎನ್ನುತ್ತಾರೆ. ವೈದ್ಯರು ನಾಲ್ಕು ವಿಧದಲ್ಲಿ ಪರೀಕ್ಷಿಸುತ್ತಾರೆ: ನೋಡುವುದು (ಅದರಲ್ಲೂ ನಾಲಿಗೆಯನ್ನು), ದನಿ ಆಲಿಸುವುದು ಮತ್ತು ವಾಸನೆ ಗಮನಿಸುವುದು, ಪ್ರಶ್ನೆ ಕೇಳುವುದು, ನಾಡಿ ಹಿಡಿಯುವುದು. ಆಮೇಲೆ ಗಿಡಮೂಲಿಕೆಗಳ ಪಟ್ಟಿ ಬರೆದುಕೊಡುತ್ತಾರೆ. ಅಂಗಡಿಯವರು ಸಾಲು ಸಾಲು ಸಣ್ಣ ಡ್ರಾಯರುಗಳಿಂದ ಒಂದೊಂದನ್ನೇ ತೆಗೆದು ತೂಗಿ ಪೊಟ್ಟಣ ಕಟ್ಟುತ್ತಾರೆ. ನಮ್ಮ ಊರುಗಳ ಗ್ರಂಥಿಗೆ ಅಂಗಡಿಯನ್ನು ನೆನಪಿಸಿಕೊಳ್ಳಿ, ಅದೇ ಚಿತ್ರ.

ಆಧುನಿಕ ವೈದ್ಯವೂ ಪಾರಂಪರಿಕ ವೈದ್ಯವೂ ಎರಡೂ ಬೆಳೆಯಬೇಕು ಎಂದು ಚೀನಾದ 1982ರ ಸಂವಿಧಾನದಲ್ಲೇ ಬರೆದಿದೆ. ಪಾರಂಪರಿಕ ವೈದ್ಯಕ್ಕೆ ಪ್ರತ್ಯೇಕ ಕಾನೂನು 2017ರ ಜುಲೈಯಿಂದ ಜಾರಿಯಲ್ಲಿದೆ. ಅಲ್ಲಿ ಒಂದೇ ಆಸ್ಪತ್ರೆಯಲ್ಲಿ ಕೀಮೊ ವಿಭಾಗವೂ ಕಷಾಯದ ವಿಭಾಗವೂ ಇರುವುದು ಸಾಮಾನ್ಯ. ತೈವಾನಿನಲ್ಲಿ ಸರ್ಕಾರಿ ಆರೋಗ್ಯ ವಿಮೆಯೇ ಚೀನೀ ವೈದ್ಯದ ಖರ್ಚನ್ನೂ ಕೊಡುತ್ತದೆ.

ಈ ವೈದ್ಯದಲ್ಲಿ ಕ್ಯಾನ್ಸರಿನ ಬಗ್ಗೆ ಎರಡು ಮಾತುಗಳು ಮುಖ್ಯ. ಒಂದು ‘ಚ್ಯು ಶ್ಯೆ’, ಅಂದರೆ ಒಳಹೊಕ್ಕ ಕೇಡನ್ನು ಹೊರದೂಡುವುದು. ಇನ್ನೊಂದು ‘ಫು ಝೆಂಗ್’, ಅಂದರೆ ಮೈಯ ಸಹಜ ಬಲವನ್ನು ಎತ್ತಿ ನಿಲ್ಲಿಸುವುದು. ಇಂದು ಚೀನಾದ ಆಸ್ಪತ್ರೆಗಳಲ್ಲಿ ಗಡ್ಡೆ ತೆಗೆಯುವ, ಕೋಶಗಳನ್ನು ಕೊಲ್ಲುವ ಕೆಲಸ ಬಹುಮಟ್ಟಿಗೆ ಶಸ್ತ್ರಚಿಕಿತ್ಸೆ, ಕೀಮೊ, ವಿಕಿರಣಗಳ ಪಾಲಿಗೆ ಬಂದಿದೆ. ಮೂಲಿಕೆಗಳ ಕೆಲಸ ಹೆಚ್ಚಾಗಿ ‘ಫು ಝೆಂಗ್’: ವಾಕರಿಕೆ, ಸುಸ್ತು, ಬಾಯಿಹುಣ್ಣು, ನಿದ್ರೆ ಬಾರದಿರುವುದು, ಹಸಿವಿಲ್ಲದಿರುವುದು, ಇವುಗಳನ್ನು ತಗ್ಗಿಸಿ ರೋಗಿ ಪೂರ್ತಿ ಚಿಕಿತ್ಸೆ ತಾಳಿಕೊಳ್ಳುವಂತೆ ಮಾಡುವುದು. ಪೂರಕ ಚಿಕಿತ್ಸೆ ಎನ್ನುವುದು ಈ ಅರ್ಥದಲ್ಲಿ. ಪೂರಕ ಎಂದರೆ ಜೊತೆಗೆ ಇರುವಂಥದ್ದು, ಬದಲಿಗೆ ಬರುವಂಥದ್ದಲ್ಲ.

ಪೊಟ್ಟಣದಲ್ಲಿ ಏನಿರುತ್ತದೆ?

ಹೆಚ್ಚಾಗಿ ಕಾಣುವುದು ‘ಹುವಾಂಗ್ ಚೀ’. ಇದು ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಗಿಡದ ಬೇರು. ತಿಳಿಹಳದಿ ಬಣ್ಣದ ಉದ್ದನೆಯ ಹೋಳುಗಳಾಗಿರುತ್ತದೆ. ಸುಸ್ತಿಗೆ, ಸೋಂಕು ತಡೆಯುವ ಶಕ್ತಿಗೆ ಎಂದು ಕೊಡುತ್ತಾರೆ.

ಎರಡನೆಯದು ‘ದಾಂಗ್ ಗ್ವೇ’. ಕೊತ್ತಂಬರಿ, ಜೀರಿಗೆಗಳ ಕುಟುಂಬದ ಗಿಡದ ಬೇರು. ಹೆಂಗಸರ ಔಷಧಿ ಎಂದೇ ಇದಕ್ಕೆ ಹೆಸರು. ಮುಟ್ಟಿನ ತೊಂದರೆ, ಬಾಣಂತನದ ನಿಶ್ಶಕ್ತಿ, ರಕ್ತಹೀನತೆಗಳಿಗೆ ಚೀನಾದಲ್ಲಿ ತಲೆತಲಾಂತರದಿಂದ ಬಳಸುತ್ತಾರೆ. ಐದು ಪಾಲು ಹುವಾಂಗ್ ಚೀಗೆ ಒಂದು ಪಾಲು ದಾಂಗ್ ಗ್ವೇ ಸೇರಿಸಿ ಕುದಿಸುವ ಕಷಾಯ 13ನೇ ಶತಮಾನದ ವೈದ್ಯ ಲೀ ದೊಂಗ್‌ಯುವಾನ್ ಬರೆದಿಟ್ಟದ್ದು. ‘ರಕ್ತ ಏರುತ್ತದೆ’ ಎಂದು ಕೊಡುವ ಕಷಾಯಗಳಲ್ಲಿ ಇದು ಬಹಳ ಹೆಸರಾದದ್ದು.

ಇವುಗಳ ಜೊತೆ ಜಿನ್ಸೆಂಗ್ ಬೇರು, ‘ಲಿಂಗ್ ಝೀ’ ಎಂಬ ಗಟ್ಟಿ ಅಣಬೆ, ನಮ್ಮ ಬೋರೆಹಣ್ಣಿನ ಜಾತಿಯದೇ ಆದ ಕೆಂಪು ಹಣ್ಣು ಇರಬಹುದು. ಜ್ಯೇಷ್ಠಮಧು ಅಂತೂ ಬಹಳಷ್ಟು ಕಷಾಯಗಳಲ್ಲಿ ಇದ್ದೇ ಇರುತ್ತದೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಚೀನೀ ವೈದ್ಯದಲ್ಲಿ ಕ್ಯಾನ್ಸರಿಗೆ ಇಂಥದೇ ಪೊಟ್ಟಣ ಎಂದಿಲ್ಲ. ಒಂದೇ ಕಾಯಿಲೆಯ ಇಬ್ಬರು ಹೆಂಗಸರಿಗೆ ನಾಲಿಗೆ, ನಾಡಿ ನೋಡಿ ಎರಡು ಬೇರೆ ಪಟ್ಟಿ ಕೊಡುತ್ತಾರೆ. ಕೆಲವು ದಿನಗಳ ಮೇಲೆ ಮತ್ತೆ ನೋಡಿ ಪಟ್ಟಿ ಬದಲಿಸುತ್ತಾರೆ. ಹಾಗಿರುವಾಗ ರೋಗಿಯ ಮುಖವನ್ನೇ ನೋಡದೆ ಅಂಗಡಿಯಲ್ಲಿ ಕಟ್ಟಿಕೊಟ್ಟ ಪೊಟ್ಟಣ ಚೀನೀ ವೈದ್ಯದ ನಿಯಮದ ಪ್ರಕಾರವೇ ಸರಿಯಾದ ಔಷಧಿ ಅಲ್ಲ. ಆ ಪದ್ಧತಿಯನ್ನು ನಂಬುವವರೂ ಇದನ್ನು ಒಪ್ಪಲೇಬೇಕು.

ಪರೀಕ್ಷೆ ಮಾಡಿ ನೋಡಿದಾಗ

ಕೀಮೊ ಔಷಧಿಗಳು ಬೇಗಬೇಗ ಒಡೆದು ಹೆಚ್ಚುವ ಕೋಶಗಳನ್ನು ಕೊಲ್ಲುತ್ತವೆ. ಕ್ಯಾನ್ಸರ್ ಕೋಶಗಳು ಅಂಥವು. ಆದರೆ ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ರಕ್ತ ತಯಾರಾಗುವ ಎಲುಬಿನ ಮಜ್ಜೆ, ಇಲ್ಲಿನ ಕೋಶಗಳೂ ಬೇಗ ಹೆಚ್ಚುವಂಥವೇ. ಅದಕ್ಕೇ ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಬಿಳಿ ರಕ್ತಕಣ ಇಳಿಯುವುದು. ಮೂಲಿಕೆ ಇದನ್ನು ತಡೆಯುತ್ತದೆಯೇ ಎಂಬುದೇ ಪ್ರಶ್ನೆ.

ಹಾಂಗ್‌ಕಾಂಗಿನ ವೈದ್ಯರು ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು. ಸ್ತನ ಅಥವಾ ದೊಡ್ಡ ಕರುಳಿನ ಕ್ಯಾನ್ಸರಿಗೆ ಆಪರೇಷನ್ ಆಗಿ ಕೀಮೊ ಪಡೆಯುತ್ತಿದ್ದ 120 ಮಂದಿ ಅದರಲ್ಲಿದ್ದರು. ಎಲ್ಲರನ್ನೂ ಚೀನೀ ವೈದ್ಯರೇ ನೋಡಿ, ಒಬ್ಬೊಬ್ಬರಿಗೂ ತಕ್ಕ ಪಟ್ಟಿ ಬರೆದರು. ಆದರೆ ಅರ್ಧ ಜನರಿಗೆ ನಿಜವಾದ ಮೂಲಿಕೆಯ ಪೊಟ್ಟಣ, ಇನ್ನರ್ಧ ಜನರಿಗೆ ಅದೇ ವಾಸನೆ, ಅದೇ ರುಚಿ ಬರುವ ಹುಸಿ ಪೊಟ್ಟಣ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ನಂಬಿಕೆಯಿಂದ ಆದ ಗುಣ ಎಷ್ಟು, ಔಷಧಿಯಿಂದ ಆದ ಗುಣ ಎಷ್ಟು ಎಂದು ಬೇರ್ಪಡಿಸಲು ಹೀಗೆ ಮಾಡುತ್ತಾರೆ.

ಫಲಿತಾಂಶ ಎರಡು ಥರ ಬಂತು. ಮಧ್ಯಮ ಮಟ್ಟದ ವಾಕರಿಕೆ ಹುಸಿ ಪೊಟ್ಟಣದವರಲ್ಲಿ ಶೇಕಡ 35.7 ಜನರಿಗೆ, ನಿಜವಾದ ಮೂಲಿಕೆ ಕುಡಿದವರಲ್ಲಿ ಶೇಕಡ 14.6 ಜನರಿಗೆ ಮಾತ್ರ. ಇದು ಸಣ್ಣ ಲಾಭವಲ್ಲ, ಕೀಮೊ ಆದ ವಾರ ಎರಡು ತುತ್ತು ಅನ್ನ ಹೊಟ್ಟೆಯಲ್ಲಿ ನಿಲ್ಲುವುದು ಎಂಥ ನೆಮ್ಮದಿ ಎಂದು ಆರೈಕೆ ಮಾಡಿದವರಿಗೆ ಗೊತ್ತು. ಆದರೆ ರಕ್ತಕಣ ಇಳಿಯುವುದು ಮೂಲಿಕೆಯಿಂದ ಕಡಿಮೆಯಾಗಲಿಲ್ಲ. ‘ರಕ್ತ ಏರುತ್ತದೆ’ ಎಂಬ ಭರವಸೆ ಈ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಹಾಂಗ್‌ಕಾಂಗಿನಲ್ಲೇ ಅಂಡಾಶಯದ ಕ್ಯಾನ್ಸರಿನ 59 ಮಹಿಳೆಯರ ಮೇಲೆ ಹೀಗೆಯೇ ನಡೆದ ಇನ್ನೊಂದು ಪರೀಕ್ಷೆಯ ವರದಿ 2011ರಲ್ಲಿ ಬಂತು. ಜೀವನದ ಒಟ್ಟು ಗುಣಮಟ್ಟ ಮೂಲಿಕೆಯಿಂದ ಸುಧಾರಿಸಲಿಲ್ಲ. ರೋಗನಿರೋಧಕ ಶಕ್ತಿ ಉಳಿಸಿಕೊಳ್ಳುವಲ್ಲಿ ಮಾತ್ರ ಸ್ವಲ್ಪ ಪರಿಣಾಮ ಕಂಡಿತು.

ಜಗತ್ತಿನ ವೈದ್ಯಕೀಯ ಪರೀಕ್ಷೆಗಳನ್ನು ಒಟ್ಟು ಹಾಕಿ ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯಿದೆ. ಸ್ತನ ಕ್ಯಾನ್ಸರಿನ ಕೀಮೊ ಜೊತೆ ಚೀನೀ ಮೂಲಿಕೆ ಕೊಟ್ಟ 7 ಪರೀಕ್ಷೆಗಳನ್ನು, 542 ರೋಗಿಗಳ ವಿವರಗಳನ್ನು ಅದು 2007ರಲ್ಲಿ ಪರಿಶೀಲಿಸಿತು. ಏಳೂ ಚೀನಾದಲ್ಲಿ ನಡೆದವು. ಮಜ್ಜೆಗೆ, ಜೀವನದ ಗುಣಮಟ್ಟಕ್ಕೆ ಸ್ವಲ್ಪ ಲಾಭವಾಗಬಹುದು, ಆದರೆ ಖಚಿತವಾಗಿ ಹೇಳಲು ಆಧಾರ ಸಾಲದು ಎಂಬುದು ಅದರ ತೀರ್ಮಾನ. ಲಿಂಗ್ ಝೀ ಅಣಬೆಯ ಮೇಲಿನ 5 ಪರೀಕ್ಷೆಗಳನ್ನು, ಬೇರೆ ಬೇರೆ ಕ್ಯಾನ್ಸರಿನ 373 ರೋಗಿಗಳ ವಿವರಗಳನ್ನು 2016ರಲ್ಲಿ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಮಾತು: ಮುಖ್ಯ ಚಿಕಿತ್ಸೆಯಾಗಿ ಬಳಸಲು ಆಧಾರವಿಲ್ಲ, ಜೊತೆಗೆ ಕೊಡುವುದನ್ನು ಪರಿಗಣಿಸಬಹುದು.

ಸ್ತನ ಕ್ಯಾನ್ಸರಿನ ಪೂರಕ ಚಿಕಿತ್ಸೆಗಳ ಬಗ್ಗೆ ಸಮನ್ವಯ ಕ್ಯಾನ್ಸರ್ ವೈದ್ಯರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2018ರಲ್ಲಿ ಅದನ್ನು ಅನುಮೋದಿಸಿತು. ಆತಂಕಕ್ಕೆ ಧ್ಯಾನ, ಯೋಗಗಳನ್ನೂ ವಾಕರಿಕೆಗೆ ವಾಂತಿ ತಡೆಯುವ ಔಷಧಿಯ ಜೊತೆ ಆಕ್ಯುಪ್ರೆಷರನ್ನೂ ಅದು ಒಪ್ಪುತ್ತದೆ. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಒಳಮೈಯಲ್ಲಿ, ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಒತ್ತುವ ಜಾಗವಿದೆ. ಅದೂ ಚೀನೀ ವೈದ್ಯದ್ದೇ. ಆದರೆ ಚಿಕಿತ್ಸೆಯ ಅಡ್ಡಪರಿಣಾಮಗಳಿಗೆಂದು ಹೊಟ್ಟೆಗೆ ತೆಗೆದುಕೊಳ್ಳುವ ಪೂರಕಗಳಿಗೆ ಗಟ್ಟಿ ಆಧಾರವಿಲ್ಲ ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ.

‘ಗಿಡಮೂಲಿಕೆ ತಾನೇ, ಏನಾಗುತ್ತೆ?’

ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಗಿಡದಿಂದ ಬಂದದ್ದು ಸೌಮ್ಯ, ಆಸ್ಪತ್ರೆಯದು ಕೆಮಿಕಲ್ ಎಂದು. ಆದರೆ ಹೆಂಗಸರ ಕ್ಯಾನ್ಸರಿಗೆ ಕೊಡುವ ಮುಖ್ಯ ಕೀಮೊ ಔಷಧಿಗಳಲ್ಲಿ ಕೆಲವು ಗಿಡದಿಂದಲೇ ಬಂದವು.

ಚೀನಾದಲ್ಲಿ ‘ಶೀ ಶು’, ಅಂದರೆ ಸಂತೋಷದ ಮರ ಎಂಬ ಮರವಿದೆ. ಮನ್ಸುಖ್ ವಾನಿ ಮತ್ತು ಮನ್ರೋ ವಾಲ್ ಎಂಬ ವಿಜ್ಞಾನಿಗಳು ಅಮೆರಿಕದಲ್ಲಿ ಅದರಿಂದ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿ 1966ರಲ್ಲಿ ಪ್ರಕಟಿಸಿದರು. ವಾನಿ ನಮ್ಮ ಮಹಾರಾಷ್ಟ್ರದ ನಂದೂರಬಾರಿನವರು, ಮುಂಬೈ ವಿಶ್ವವಿದ್ಯಾಲಯದಲ್ಲಿ ಓದಿದವರು. 1971ರಲ್ಲಿ ಇದೇ ಜೋಡಿ ಅಮೆರಿಕದ ಯೂ ಮರದ ತೊಗಟೆಯಿಂದ ಪ್ಯಾಕ್ಲಿಟ್ಯಾಕ್ಸೆಲನ್ನು ಬೆಳಕಿಗೆ ತಂದಿತು. ಇಂದು ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಅದು ಬಹಳ ಬಳಕೆಯಲ್ಲಿದೆ.

ಸಂತೋಷದ ಮರದ ಕಥೆ ನೇರವಾಗಿ ಮುಂದೆ ಸಾಗಲಿಲ್ಲ. ಮೊದಮೊದಲು ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವದಂಥ ತೊಂದರೆಗಳಾಗಿ 1970ರ ದಶಕದಲ್ಲಿ ಪ್ರಯೋಗ ನಿಲ್ಲಿಸಬೇಕಾಯಿತು. ಆ ವಸ್ತುವಿನ ರಚನೆಯನ್ನು ಮಾರ್ಪಡಿಸಿ ಟೋಪೋಟೆಕಾನ್ ತಯಾರಿಸಿದರು. ಅದಕ್ಕೆ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ 1996ರಲ್ಲಿ, ಗರ್ಭಕೊರಳಿನ ಕ್ಯಾನ್ಸರಿಗೆ 2006ರಲ್ಲಿ ಅನುಮತಿ ಸಿಕ್ಕಿತು. ಇದೇ ಕ್ಯಾಂಪ್ಟೊಥೆಸಿನ್ ನಮ್ಮ ಪಶ್ಚಿಮ ಘಟ್ಟದ ಒಂದು ಮರದಲ್ಲೂ ಇದೆ. ಮರಾಠಿಯಲ್ಲಿ ಅದು ನರಕ್ಯಾ, ಕನ್ನಡದಲ್ಲಿ ದುರ್ವಾಸನೆ ಮರ. ಇದಕ್ಕಾಗಿಯೇ ಅದನ್ನು ಎಗ್ಗಿಲ್ಲದೆ ಕಡಿದು ಸಾಗಿಸಿದ್ದಾರೆ.

ಇಷ್ಟು ಹೇಳಿದ್ದು ಏಕೆಂದರೆ, ಗಿಡದಲ್ಲಿ ಕ್ಯಾನ್ಸರನ್ನು ಮುಟ್ಟುವ ಶಕ್ತಿ ಇದೆ ಎನ್ನುವುದು ಸುಳ್ಳಲ್ಲ. ಶಕ್ತಿ ಇರುವುದರಿಂದಲೇ ಎಚ್ಚರ ಬೇಕು. ಗುಣ ಮಾಡುವಷ್ಟು ಬಲವಿರುವ ಬೇರಿಗೆ ಕೆಡಿಸುವ ಬಲವೂ ಇರುತ್ತದೆ. ಯಾವ ಗಿಡ, ಎಷ್ಟು ತೂಕ, ಯಾವ ದಿನ, ಯಾವುದರ ಜೊತೆ ಎಂಬುದರ ಮೇಲೆ ಎಲ್ಲ ನಿಂತಿದೆ.

ತೊಂದರೆ ಎಲ್ಲೆಲ್ಲಿ?

ಮೊದಲನೆಯದು ಹಾರ್ಮೋನಿನದು. ಸ್ತನ ಕ್ಯಾನ್ಸರುಗಳಲ್ಲಿ ಬಹುಪಾಲು ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನಿನಿಂದ ಪೋಷಣೆ ಪಡೆಯುವಂಥವು. ಅದನ್ನು ತಡೆಯಲೆಂದೇ ಟಮಾಕ್ಸಿಫೆನ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ಕೊಡುತ್ತಾರೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಾಂಗ್ ಗ್ವೇ ಮತ್ತು ಜಿನ್ಸೆಂಗ್ ಸಾರಗಳು ಪ್ರಯೋಗಾಲಯದ ತಟ್ಟೆಯಲ್ಲಿದ್ದ ಸ್ತನ ಕ್ಯಾನ್ಸರ್ ಕೋಶಗಳು ಹೆಚ್ಚುವಂತೆ ಮಾಡಿದವು. ತಟ್ಟೆಯಲ್ಲಿ ಆದದ್ದೆಲ್ಲ ಮೈಯಲ್ಲಿ ಆಗುತ್ತದೆ ಎಂದಿಲ್ಲ. ಆದರೂ ಬೆಂಕಿ ಆರಿಸುತ್ತಿರುವಾಗ ಪಕ್ಕದಲ್ಲಿ ಎಣ್ಣೆಯ ಡಬ್ಬಿ ಇಡುವುದು ಯಾಕೆ? ಇನ್ನು ಮುಟ್ಟು ನಿಲ್ಲುವ ಕಾಲದ ಮೈಬಿಸಿಗೆ ದಾಂಗ್ ಗ್ವೇ ಒಳ್ಳೆಯದು ಎಂಬ ಮಾತಿದೆ. 1997ರಲ್ಲಿ 71 ಮಹಿಳೆಯರಿಗೆ 24 ವಾರ ಕೊಟ್ಟು ನೋಡಿದಾಗ ಬರಿಯ ದಾಂಗ್ ಗ್ವೇ ಹುಸಿ ಗುಳಿಗೆಗಿಂತ ಮೇಲಾಗಿರಲಿಲ್ಲ.

ಎರಡನೆಯದು ರಕ್ತದ್ದು. ದಾಂಗ್ ಗ್ವೇ ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯ ಪರಿಣಾಮವನ್ನು ಹೆಚ್ಚಿಸಬಲ್ಲದು. ಕೀಮೊದಿಂದ ಪ್ಲೇಟ್‌ಲೆಟ್ ಇಳಿದವರಿಗೂ ಆಪರೇಷನ್ ಹತ್ತಿರವಿರುವವರಿಗೂ ಇದು ಅಪಾಯ.

ಮೂರನೆಯದು ಯಕೃತ್ತಿನದು. ಬಹಳಷ್ಟು ಕ್ಯಾನ್ಸರ್ ಔಷಧಿಗಳನ್ನು ಒಡೆದು ಹೊರಹಾಕುವ, ಕೆಲವನ್ನು ಕೆಲಸಕ್ಕೆ ಬರುವಂತೆ ಮಾಡುವ ಜಾಗ ಯಕೃತ್ತು. ಮೂಲಿಕೆಗಳೂ ಅಲ್ಲಿಗೇ ಹೋಗುತ್ತವೆ. ಇದಕ್ಕೆ ನಮ್ಮ ಅಡುಗೆಮನೆಯದೇ ಉದಾಹರಣೆ ಅರಿಶಿನ. ಅದು ಚೀನೀ ವೈದ್ಯದಲ್ಲೂ ಔಷಧಿ. ಅರಿಶಿನದ ಸಾರವಾದ ಕರ್ಕ್ಯುಮಿನ್ ಗುಳಿಗೆಗಳನ್ನು ದೊಡ್ಡ ಪ್ರಮಾಣದಲ್ಲಿ ಟಮಾಕ್ಸಿಫೆನ್ ಜೊತೆ ಕೊಟ್ಟಾಗ ರಕ್ತದಲ್ಲಿ ಆ ಔಷಧಿಯ ಮಟ್ಟ ಇಳಿದದ್ದು ನೆದರ್ಲೆಂಡ್ಸಿನ 2019ರ ಸಣ್ಣ ಅಧ್ಯಯನವೊಂದರಲ್ಲಿ ಕಂಡಿತು. ಕಾಳುಮೆಣಸಿನ ಸಾರವನ್ನೂ ಸೇರಿಸಿದಾಗ ಇನ್ನಷ್ಟು ಇಳಿಯಿತು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಾಗಿಲ್ಲ, ಮಾತು ಗುಳಿಗೆಯದು. ಜ್ಯೇಷ್ಠಮಧುವೂ ಅಷ್ಟೆ. ದಿನಾ ಹೆಚ್ಚಾಗಿ ತೆಗೆದುಕೊಂಡರೆ ರಕ್ತದೊತ್ತಡ ಏರಿ, ಪೊಟ್ಯಾಸಿಯಂ ಇಳಿಯುತ್ತದೆ. ವಾಂತಿಭೇದಿಯಾಗಿ ಪೊಟ್ಯಾಸಿಯಂ ಮೊದಲೇ ಇಳಿದವರಿಗೆ ಇದರಿಂದ ಹೃದಯಕ್ಕೇ ತೊಂದರೆ.

ನಾಲ್ಕನೆಯದು ಹೆಸರಿನದು, ಎಲ್ಲಕ್ಕಿಂತ ದಾರುಣವಾದದ್ದು. 1990ರಿಂದ 1992ರ ನಡುವೆ ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ಮೈ ತೂಕ ಇಳಿಸುವ ಚಿಕಿತ್ಸೆಗೆ ಹೋದ ಹೆಂಗಸರಿಗೆ ಚೀನೀ ಮೂಲಿಕೆಯ ಪುಡಿ ಕೊಡಲಾಯಿತು. ಕೊಡಬೇಕಾಗಿದ್ದದ್ದು ‘ಫಾಂಗ್ ಜೀ’. ಹೋದದ್ದು ‘ಗ್ವಾಂಗ್ ಫಾಂಗ್ ಜೀ’. ಹೆಸರು ಹತ್ತಿರ, ಗಿಡ ಪೂರ್ತಿ ಬೇರೆ. ಎರಡನೆಯದರಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಿಷವಿತ್ತು. ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಕೆಟ್ಟ ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ತೆಗೆಸಿಕೊಂಡ 39 ಮಂದಿಯಲ್ಲಿ 18 ಮಂದಿಗೆ ಅಲ್ಲಿ ಕ್ಯಾನ್ಸರೂ ಇದ್ದದ್ದು 2000ದಲ್ಲಿ ವರದಿಯಾಯಿತು. ಇದೇ ಕುಲದ ಗಿಡ ನಮ್ಮಲ್ಲೂ ಇದೆ, ಈಶ್ವರಿ ಬಳ್ಳಿ. ಹಾವು ಕಚ್ಚಿದ್ದಕ್ಕೆ, ಜ್ವರಕ್ಕೆ ಎಂದು ಅದರ ಬೇರನ್ನು ಹಳ್ಳಿಗಳಲ್ಲಿ ಬಳಸುತ್ತಿದ್ದರು. ಅದರಲ್ಲೂ ಇದೇ ಆಮ್ಲವಿದೆ.

ಐದನೆಯದು ಕಲಬೆರಕೆ. ಎಂಟು ಮೂಲಿಕೆಗಳದ್ದು ಎಂದು ಅಮೆರಿಕದಲ್ಲಿ ಗಂಡಸರ ಪ್ರಾಸ್ಟೇಟ್ ಕ್ಯಾನ್ಸರಿಗೆ ಮಾರುತ್ತಿದ್ದ ‘ಪಿಸಿ ಸ್ಪೆಸ್’ ಗುಳಿಗೆಯಲ್ಲಿ ಆಸ್ಪತ್ರೆಯ ವಾರ್ಫರಿನ್ ಮತ್ತು ಕೃತಕ ಹಾರ್ಮೋನು ಪತ್ತೆಯಾಗಿ 2002ರಲ್ಲಿ ಅದನ್ನು ವಾಪಸು ಪಡೆದರು.

ಬದಲಿಗೆ ಬಂದರೆ

ಇಷ್ಟೆಲ್ಲ ಜೊತೆಗೆ ಕುಡಿಯುವುದರ ಮಾತಾಯಿತು. ‘ಕೀಮೊ ಸಾಕು, ಇದೇ ಸಾಕು’ ಎಂದು ನಿಲ್ಲಿಸಿದರೆ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 2018ರಲ್ಲಿ ಒಂದು ದೊಡ್ಡ ದಾಖಲೆಯನ್ನು ಪರಿಶೀಲಿಸಿ, ಹರಡದಿದ್ದ ಕ್ಯಾನ್ಸರಿಗೆ ಆಸ್ಪತ್ರೆಯ ಚಿಕಿತ್ಸೆ ಬಿಟ್ಟು ಪರ್ಯಾಯ ಪದ್ಧತಿಗಳನ್ನಷ್ಟೇ ಆಯ್ದುಕೊಂಡ 281 ಜನರನ್ನು ಗುರುತಿಸಿದರು. ಅವರಲ್ಲಿ ಸ್ತನ ಕ್ಯಾನ್ಸರಿನ ಮಹಿಳೆಯರಿಗೆ ಸಾವಿನ ಅಪಾಯ ಚಿಕಿತ್ಸೆ ಪಡೆದವರಿಗಿಂತ ಐದು ಪಟ್ಟಿಗೂ ಹೆಚ್ಚಿತ್ತು. ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ ಎರಡನ್ನೂ ಜೊತೆಗೆ ಪಡೆದವರಲ್ಲೂ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ಅವರಲ್ಲಿ ಹಲವರು ಆಪರೇಷನ್, ಕೀಮೊ, ವಿಕಿರಣ ಅಥವಾ ಹಾರ್ಮೋನು ಮಾತ್ರೆಯಲ್ಲಿ ಏನಾದರೊಂದನ್ನು ಬಿಟ್ಟಿದ್ದರು ಎಂಬುದೇ ಮುಖ್ಯ ಕಾರಣ. ಇವು ಚೀನೀ ಮೂಲಿಕೆಯೊಂದರ ಲೆಕ್ಕವಲ್ಲ, ಎಲ್ಲ ಪರ್ಯಾಯ ಪದ್ಧತಿಗಳದ್ದು. ಆದರೆ ಪಾಠ ಸ್ಪಷ್ಟ: ಕಷಾಯ ಕುಡಿಯುವ ಧೈರ್ಯದಲ್ಲಿ ಒಂದು ಸುತ್ತು ಕೀಮೊ ತಪ್ಪಿದರೂ ನಷ್ಟ ರೋಗಿಗೇ.

ಡಾಕ್ಟರಿಗೆ ಹೇಳುವ ಬಗೆ

ಹೊರನಾಡಿನಲ್ಲಿರುವ ನಮ್ಮ ಮೇಲೆ ಇಲ್ಲಿ ಇನ್ನೊಂದು ಹೊಣೆಯಿದೆ. ಪರೇಲಿನ ಟಾಟಾ ಆಸ್ಪತ್ರೆಗೆ ಉತ್ತರ ಕರ್ನಾಟಕದಿಂದ ಬರುವ ಎಷ್ಟೋ ಹೆಂಗಸರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ಜೊತೆಗೆ ಹೋದ ಮುಂಬೈ ನೆಂಟರೇ ಅವರ ಬಾಯಿ, ಕಿವಿ. ಡಾಕ್ಟರು ‘ಬೇರೆ ಏನಾದರೂ ಔಷಧಿ ತಗೋತಿದಾರಾ?’ ಎಂದು ಕೇಳಿದಾಗ ನಾವು ‘ನಹೀ’ ಎಂದುಬಿಟ್ಟರೆ, ಆಕೆಯ ಪರವಾಗಿ ನಾವೇ ಮುಚ್ಚಿಟ್ಟಂತಾಯಿತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಗಾದೆ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಅಂಕಿ ಏರಿದಾಗ ಕಾರಣ ಕೀಮೊ ಎಂದುಕೊಂಡು ಡಾಕ್ಟರು ಅದರ ಪ್ರಮಾಣವನ್ನೇ ಇಳಿಸಬಹುದು, ಸುತ್ತನ್ನೇ ಮುಂದೂಡಬಹುದು. ಕಷಾಯದ ವಿಷಯ ಗೊತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ ನೋಡುತ್ತಾರೆ.

ಹಾಗಾಗಿ ಇಷ್ಟು ಮಾಡಿ:

1. ಪೊಟ್ಟಣವನ್ನೇ ಆಸ್ಪತ್ರೆಗೆ ಒಯ್ಯಿರಿ. ಚೀನೀ ಲಿಪಿಯ ಚೀಟಿಯಿದ್ದರೆ ಕೊಂಡ ಅಂಗಡಿಯಿಂದಲೇ ಪ್ರತಿ ಮೂಲಿಕೆಯ ವೈಜ್ಞಾನಿಕ ಹೆಸರು ಮತ್ತು ತೂಕವನ್ನು ಬರೆಸಿ ತರಿಸಿ. ಹೆಸರು ಸಿಗದ ಪೊಟ್ಟಣವನ್ನು ಕುಡಿಸಬೇಡಿ.

2. ಡಾಕ್ಟರಿಗೆ ಸಮಯ ಕಡಿಮೆ. ಆಯುರ್ವೇದ, ಹೋಮಿಯೋಪತಿ, ವಿಟಮಿನ್ ಗುಳಿಗೆ, ಪ್ರೋಟೀನ್ ಪುಡಿ ಸೇರಿ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೈಗೆ ಕೊಡಿ.

3. ‘ಕೊಡಬಹುದಾ?’ ಎಂದಷ್ಟೇ ಕೇಳಬೇಡಿ. ಇವರ ಕ್ಯಾನ್ಸರ್ ಹಾರ್ಮೋನಿಗೆ ಸಂಬಂಧಿಸಿದ್ದೇ? ಇದು ಕೀಮೊ ಔಷಧಿಯ ಜೊತೆ ಸೇರುತ್ತದೆಯೇ? ಈಗ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎಷ್ಟಿದೆ? ಯಾವ ದಿನಗಳಲ್ಲಿ ಬೇಡವೇ ಬೇಡ? ಹೀಗೆ ಕೇಳಿದರೆ ಬೈಗುಳ ಬರುವುದಿಲ್ಲ, ಉತ್ತರ ಬರುತ್ತದೆ.

4. ಬೇಡ ಎಂದರೆ ಸುಮ್ಮನೆ ಬರಬೇಡಿ. ವಾಕರಿಕೆ, ಸುಸ್ತು, ನಿದ್ರೆ ಇಲ್ಲದಿರುವುದು, ಯಾವುದಕ್ಕಾಗಿ ಕಷಾಯ ಕೊಡಬೇಕೆಂದಿದ್ದಿರೋ ಆ ತೊಂದರೆಯನ್ನೇ ಹೇಳಿ. ವಾಂತಿ ತಡೆಯಲು, ರಕ್ತಕಣ ಏರಿಸಲು ಇಂದು ಒಳ್ಳೆಯ ಔಷಧಿಗಳಿವೆ.

5. ಆಪರೇಷನ್‌ಗೆ ಕನಿಷ್ಠ ಎರಡು ವಾರ ಮೊದಲೇ ಎಲ್ಲ ಮೂಲಿಕೆ ನಿಲ್ಲಿಸಬೇಕು ಎಂಬುದು ಅರಿವಳಿಕೆ ತಜ್ಞರ ಸಾಮಾನ್ಯ ಸಲಹೆ.

6. ಬಿಳಿ ರಕ್ತಕಣ ಇಳಿದಿರುವಾಗ ಬೇಯಿಸದ ಬೇರಿನ ಪುಡಿ, ಬೂಷ್ಟು ಹಿಡಿದ ಮೂಲಿಕೆ ಹತ್ತಿರವೂ ಬೇಡ. ಕೀಮೊ ನಡೆಯುವ ದಿನಗಳಲ್ಲಿ ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಯಾವ ಕಷಾಯವನ್ನೂ ಕಾಯಿಸುತ್ತ ಕೂರಬೇಡಿ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಈ ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದು ಇರಲಿ.

ಪೊಟ್ಟಣ ತಂದುಕೊಡುವವರು ಅಕ್ಕರೆಯಿಂದಲೇ ತರುತ್ತಾರೆ. ಅವರ ಮನಸ್ಸು ನೋಯಿಸಬೇಕಾಗಿಲ್ಲ. ಕೀಮೊ ದಿನ ಆಸ್ಪತ್ರೆಯಲ್ಲಿ ಜೊತೆಗೆ ಕೂರಲು, ಲೋಕಲ್ ಟ್ರೈನಿನ ನೂಕುನುಗ್ಗಲು ತಪ್ಪಿಸಿ ಕಾರಿನಲ್ಲಿ ಕರೆತರಲು, ಮಕ್ಕಳನ್ನು ಎರಡು ದಿನ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಲು, ಬಾಯಿಗೆ ಹಿತವಾದ ಮೆತ್ತನೆಯ ಅನ್ನ ತಿಳಿಸಾರು ಮಾಡಿಕೊಡಲು ಅವರನ್ನು ಕೇಳಿ. ಖಂಡಿತ ಬರುತ್ತಾರೆ. ಇದೂ ‘ಫು ಝೆಂಗ್’, ಇದಕ್ಕೆ ಅಡ್ಡಪರಿಣಾಮವಿಲ್ಲ.